‘ನಿರ್ಗಮಿಸಿ’ ಗುಂಡಿಯ ಹಿಂದೆ ಅಡಗಿದ್ದ ಮೆಮೊರಿ ಸೋರಿಕೆ: ಒಂದು ಪ್ರಕರಣ ಅಧ್ಯಯನ

ಕಟ್ಟಡ ಪರಿಶೀಲನೆಗೆ ಬಳಸುವ ಒಂದು ಆಂಡ್ರಾಯ್ಡ್ ಆ್ಯಪ್. ಪರಿಶೀಲಕರು ಸ್ಥಳಕ್ಕೆ ಹೋಗಿ 40 ಅಂಕಣಗಳ ಫಾರ್ಮ್ ತುಂಬುತ್ತಾರೆ, ಫೋಟೊ ತೆಗೆಯುತ್ತಾರೆ. ಕೆಲಸ ಮುಗಿಯುವವರೆಗೂ ಫೋನು ಲೊಕೇಶನ್ ದಾಖಲಿಸುತ್ತಿರುತ್ತದೆ. ಕಾಟ್ಲಿನ್ ಭಾಷೆಯಲ್ಲಿ ಬರೆದದ್ದು. ಒಂದು ಆಕ್ಟಿವಿಟಿ (ಆ್ಯಪ್‌ನ ಪರದೆ), ಅದರೊಳಗೆ ಪಟ್ಟಿ, ಫಾರ್ಮ್, ಫೋಟೊ ಎಂಬ ಮೂರು ಫ್ರ್ಯಾಗ್ಮೆಂಟ್‌ಗಳು (ಪರದೆಯ ಭಾಗಗಳು), ಲೊಕೇಶನ್‌ಗೊಂದು ಫೋರ್‌ಗ್ರೌಂಡ್ ಸರ್ವಿಸ್ (ಅಧಿಸೂಚನೆ ತೋರಿಸುತ್ತಾ ಹಿನ್ನೆಲೆಯಲ್ಲೂ ಓಡುವ ಕೆಲಸ), ದತ್ತಾಂಶಕ್ಕೆ ಫೋನಿನೊಳಗಿನ ರೂಮ್ ಡೇಟಾಬೇಸ್. ಮೆನುವಿನ ತುದಿಯಲ್ಲಿ ‘ನಿರ್ಗಮಿಸಿ’ ಎಂಬ ಗುಂಡಿ. ಬೇರೆ ಬೇರೆ ಆ್ಯಪ್‌ಗಳಲ್ಲಿ ಬಿಡಿಬಿಡಿಯಾಗಿ ಸಿಗುವ ತಪ್ಪುಗಳನ್ನು ಇಲ್ಲಿ ಒಂದೇ ಆ್ಯಪ್‌ಗೆ ಹೊಂದಿಸಿಕೊಂಡಿದೆ. ಒಂದು ತಪ್ಪು ಇನ್ನೊಂದನ್ನು ಹೇಗೆ ಮುಚ್ಚಿಡುತ್ತದೆ ಎಂಬುದು ಕಾಣಬೇಕಾದರೆ ಅವು ಒಟ್ಟಿಗೇ ಇರಬೇಕು.

ದೂರುಗಳು ಐದು. ಎಂಟ್ಹತ್ತು ಪರಿಶೀಲನೆ ಆಗುವ ಹೊತ್ತಿಗೆ ಆ್ಯಪ್ ನಿಧಾನವಾಗುತ್ತದೆ. ಹಳೆಯ ಫೋನುಗಳಲ್ಲಿ ಫೋಟೊ ತೆರೆದ ಕೂಡಲೇ ಬಿದ್ದೇ ಹೋಗುತ್ತದೆ. ಹೊಸ ಫೋನುಗಳಲ್ಲಿ ಬೀಳುವುದಿಲ್ಲ, ಆದರೆ ಕ್ಯಾಮೆರಾದಿಂದ ಮರಳಿ ಬಂದರೆ ಫಾರ್ಮ್ ಖಾಲಿ. ‘ನಿರ್ಗಮಿಸಿ’ ಒತ್ತಿ ಮತ್ತೆ ತೆರೆದರೆ ಕೊನೆಯಲ್ಲಿ ಬರೆದ ಒಂದೆರಡು ಅಂಕಣ ಕೆಲವೊಮ್ಮೆ ಇರುವುದಿಲ್ಲ, ಕೆಲವೊಮ್ಮೆ ತಿದ್ದುವ ಮೊದಲಿನ ಹಳೆಯ ಮೌಲ್ಯವೇ ಇರುತ್ತದೆ. ಐದನೆಯದು ವಿಚಿತ್ರ: ನಿರ್ಗಮಿಸಿದ ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದಿದ್ದರೂ, ‘ಆ್ಯಪ್ ನಿಂತುಹೋಗಿದೆ’ ಎಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ.

ಗುಂಡಿ ಹುಟ್ಟಿದ ಬಗೆ

ಮೊದಲ ಆವೃತ್ತಿಯಲ್ಲಿ ಆ ಗುಂಡಿ ಇರಲಿಲ್ಲ. ಆ್ಯಪ್ ನಿಧಾನವಾಗುತ್ತದೆ ಎಂಬ ದೂರು ಬಂದಾಗ ‘ಮುಚ್ಚಿ ತೆರೆಯಿರಿ’ ಎಂಬ ಉತ್ತರ ಹೋಯಿತು. ಬ್ಯಾಕ್ ಒತ್ತಿ ಹೊರಬಂದರೆ ಪ್ರಯೋಜನವಾಗಲಿಲ್ಲ, ಏಕೆಂದರೆ ಆಕ್ಟಿವಿಟಿ ಮುಗಿದರೂ ಪ್ರೊಸೆಸ್ (ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್) ಮುಗಿಯುವುದಿಲ್ಲ. ಮತ್ತೆ ಬೇಗ ತೆರೆಯಲೆಂದು ಆಂಡ್ರಾಯ್ಡ್ ಅದನ್ನು ಉಳಿಸಿಕೊಂಡಿರುತ್ತದೆ. ಸೋರಿದ ಮೆಮೊರಿಯೂ, ಅಂದರೆ ಕೆಲಸ ಮುಗಿದರೂ ಬಿಡುಗಡೆಯಾಗದ ಜಾಗವೂ, ಅದರೊಂದಿಗೇ ಉಳಿಯುತ್ತದೆ. ಆಗ ಗುಂಡಿ ಬಂತು. ಅದರ ಹಿಂದೆ ಎರಡೇ ಸಾಲು: ಆಕ್ಟಿವಿಟಿಗಳನ್ನು ಮುಗಿಸುವ ಫಿನಿಶ್‌ಅಫಿನಿಟಿ, ಅದರ ಬೆನ್ನಿಗೇ ಪ್ರೊಸೆಸ್ಸನ್ನೇ ಕೊಲ್ಲುವ ಸಿಸ್ಟಮ್ ಎಕ್ಸಿಟ್ 0. ಪ್ರೊಸೆಸ್ ಸತ್ತಿತು, ಮೆಮೊರಿ ಬಿಡುಗಡೆಯಾಯಿತು, ದೂರು ನಿಂತಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೂ ನೆಗಡಿ ನಿಲ್ಲುತ್ತದೆ.

ಫಿನಿಶ್‌ಅಫಿನಿಟಿ ಕರೆದ ಕ್ಷಣದಲ್ಲಿ ಆಕ್ಟಿವಿಟಿ ಸಾಯುವುದಿಲ್ಲ. ಅದು ಸಿಸ್ಟಮ್‌ಗೆ ಕೊಟ್ಟ ಅರ್ಜಿ ಅಷ್ಟೆ. ಆಕ್ಟಿವಿಟಿ ಮುಗಿಯುವ ಹಂತಗಳಾದ ಆನ್‌ಪಾಸ್, ಆನ್‌ಸ್ಟಾಪ್, ಆನ್‌ಡಿಸ್ಟ್ರಾಯ್ ಮೂರೂ ಮುಖ್ಯ ಥ್ರೆಡ್‌ನ (ಪರದೆಯನ್ನು ನಡೆಸುವ ಕೆಲಸದ ಸಾಲು) ಸರದಿಯಲ್ಲಿ ಆಮೇಲೆ ಬರಬೇಕು. ಆ ಥ್ರೆಡ್ ಇನ್ನೂ ಗುಂಡಿಯ ಕ್ಲಿಕ್ಕನ್ನೇ ನಿಭಾಯಿಸುತ್ತಿದೆ, ಮುಂದಿನ ಸಾಲೇ ಎಕ್ಸಿಟ್. ಸರದಿ ಬರುವ ಮೊದಲೇ ಪ್ರೊಸೆಸ್ ಇಲ್ಲ. ಈ ಆ್ಯಪ್‌ನಲ್ಲಿ ಫಾರ್ಮ್ ಉಳಿಸುವ ಕೋಡ್ ಇದ್ದದ್ದು ಆನ್‌ಡಿಸ್ಟ್ರಾಯ್‌ನಲ್ಲಿ. ಗುಂಡಿ ಒತ್ತಿದಾಗ ಅದು ಒಮ್ಮೆಯೂ ಓಡುತ್ತಿರಲಿಲ್ಲ. ಕೊನೆಯದಾಗಿ ತೆರೆದ ಫಾರ್ಮ್‌ನ ಸಂಖ್ಯೆಯನ್ನು ಶೇರ್ಡ್‌ಪ್ರಿಫರೆನ್ಸಸ್‌ಗೆ (ಚಿಕ್ಕ ಮೌಲ್ಯಗಳನ್ನು ಇಡುವ ಕಡತ) ಅಪ್ಲೈ ಮೂಲಕ ಬರೆಯುತ್ತಿದ್ದರು. ಅಪ್ಲೈ ಮೆಮೊರಿಯನ್ನು ತಕ್ಷಣ ಬದಲಿಸುತ್ತದೆ, ಡಿಸ್ಕ್‌ಗೆ ಆಮೇಲೆ ಇನ್ನೊಂದು ಥ್ರೆಡ್‌ನಲ್ಲಿ ಬರೆಯುತ್ತದೆ. ಎಕ್ಸಿಟ್ ಆ ಥ್ರೆಡ್ಡನ್ನೂ ಕಾಯುವುದಿಲ್ಲ.

ಹಾಗಾದರೆ ದತ್ತಾಂಶ ಪ್ರತಿ ಸಲವೂ ಏಕೆ ಹೋಗುತ್ತಿರಲಿಲ್ಲ? 30 ಸೆಕೆಂಡಿಗೊಮ್ಮೆ ತಾನಾಗಿ ಉಳಿಸುವ ಟೈಮರ್ ಒಂದಿತ್ತು. ಕೊನೆಯ ಸಲ ಅದು ಉಳಿಸಿದ ನಂತರ ಬರೆದದ್ದು ಮಾತ್ರ ಕಳೆಯುತ್ತಿತ್ತು. ಆ ಟೈಮರ್ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ.

ತಾನಾಗಿ ಮೂಡುವ ಸಂದೇಶಕ್ಕೂ ಎಕ್ಸಿಟ್ಟೇ ಮೂಲ. ಲೊಕೇಶನ್ ಸರ್ವಿಸ್ ಆನ್‌ಸ್ಟಾರ್ಟ್‌ಕಮಾಂಡ್‌ನಿಂದ ಸ್ಟಾರ್ಟ್ ಸ್ಟಿಕಿ ಎಂದು ಉತ್ತರಿಸುತ್ತಿತ್ತು. ಹಾಗೆಂದರೆ, ನಡೆಯುತ್ತಿದ್ದ ಸರ್ವಿಸ್ ಪ್ರೊಸೆಸ್ ಸಮೇತ ಸತ್ತರೆ ಅದನ್ನು ಮತ್ತೆ ಎಬ್ಬಿಸು ಎಂದು ಸಿಸ್ಟಮ್‌ಗೆ ಹೇಳಿಟ್ಟಂತೆ. ಎಬ್ಬಿಸುವಾಗ ಬಾಕಿ ಕಮಾಂಡ್ ಇಲ್ಲದಿದ್ದರೆ ಇಂಟೆಂಟ್ (ಕೆಲಸದ ವಿವರ ಹೊತ್ತ ಸಂದೇಶ) ನಲ್ (ಏನೂ ಇಲ್ಲ) ಆಗಿ ಬರುತ್ತದೆ. ಅದರಿಂದ ಪರಿಶೀಲನೆಯ ಸಂಖ್ಯೆ ಓದಲು ಹೋದ ಕೋಡ್ ನಲ್ ಪಾಯಿಂಟರ್ ತಪ್ಪಿನಿಂದ ಬೀಳುತ್ತಿತ್ತು. ಬಳಕೆದಾರರ ಕಣ್ಣಿಗೆ ಕಂಡದ್ದು: ಮುಚ್ಚಿದ ಆ್ಯಪ್ ತಾನೇ ಎದ್ದು ತಾನೇ ಬಿತ್ತು.

ಸಾವಿನ ಕಾರಣ ಓದುವುದು

ಊಹೆ ಸಾಲದು, ಪ್ರೊಸೆಸ್ ಏಕೆ ಸತ್ತಿತೆಂದು ಸಿಸ್ಟಮ್‌ನಿಂದಲೇ ಕೇಳಬಹುದು. ಆಂಡ್ರಾಯ್ಡ್ 11ರಿಂದ ಆಕ್ಟಿವಿಟಿಮ್ಯಾನೇಜರ್‌ನಲ್ಲಿ ಗೆಟ್‌ಹಿಸ್ಟಾರಿಕಲ್‌ಪ್ರೊಸೆಸ್‌ಎಕ್ಸಿಟ್‌ರೀಸನ್ಸ್ ಇದೆ. ಆ್ಯಪ್ ಶುರುವಾದಾಗ ಒಮ್ಮೆ ಕರೆದು ಹಿಂದಿನ ಸಾವುಗಳ ಕಾರಣ, ಸಮಯ, ಆಗಿನ ಪಿಎಸ್ಎಸ್ (ಪ್ರೊಸೆಸ್ ಬಳಸುತ್ತಿದ್ದ ಮೆಮೊರಿ), ಪ್ರೊಸೆಸ್‌ನ ಪ್ರಾಮುಖ್ಯ ಇಷ್ಟನ್ನು ಲಾಗ್ ಮಾಡಿಕೊಂಡರೆ ಸಾಕು. ಈ ಪ್ರಕರಣಕ್ಕೆ ಬೇಕಾದ ಕಾರಣಗಳು ಮೂರು: 1 ಎಂದರೆ ಆ್ಯಪ್ ತಾನೇ ಎಕ್ಸಿಟ್ ಆಗಿದೆ, 3 ಎಂದರೆ ಮೆಮೊರಿ ಕೊರತೆಯಿಂದ ಕೊಲ್ಲಲಾಗಿದೆ, 4 ಎಂದರೆ ಕ್ರ್ಯಾಶ್. ಒಂದು ಎಚ್ಚರಿಕೆ: ಮೆಮೊರಿ ಕೊರತೆಯ ವರದಿಯನ್ನು ಎಲ್ಲ ಫೋನುಗಳೂ ಕೊಡುವುದಿಲ್ಲ. ಕೊಡದ ಫೋನಿನಲ್ಲಿ ಅದೇ ಸಾವು ಕಾರಣ 2, ಸಿಗ್ನಲ್ 9 ಎಂದು ಕಾಣುತ್ತದೆ. ಅದನ್ನು ‘ಯಾರೋ ಕೊಂದರು’ ಎಂದು ಬದಿಗಿಟ್ಟರೆ ಮುಖ್ಯ ಸುಳಿವೇ ಕೈತಪ್ಪುತ್ತದೆ.

1, 4 ಬರುವುದು ಗೊತ್ತಿದ್ದದ್ದೇ. ತನಿಖೆಯ ದಾರಿ ಬದಲಿಸಿದ್ದು 3. ಕ್ಯಾಮೆರಾ ಆ್ಯಪ್ ಮುಂದೆ ಬಂದ ಹೊತ್ತಿಗೂ ಈ ಸಾವುಗಳ ಹೊತ್ತಿಗೂ ತಾಳೆಯಾಗುತ್ತಿತ್ತು. ಹಳೆಯ ಫೋನಿನ ಕ್ರ್ಯಾಶ್ ಮತ್ತು ಹೊಸ ಫೋನಿನ ಖಾಲಿ ಫಾರ್ಮ್ ಎರಡು ಬೇರೆ ದೋಷಗಳೆಂದು ಅಲ್ಲಿಯವರೆಗೆ ಎರಡು ಟಿಕೆಟ್‌ಗಳಲ್ಲಿದ್ದವು. ಅವು ಒಂದೇ ದೋಷ.

ಲೆಕ್ಕ ಹೀಗೆ. ಫೋಟೊ 4000×3000 ಪಿಕ್ಸೆಲ್. ಎಆರ್‌ಜಿಬಿ 8888 ರೂಪದಲ್ಲಿ ಪಿಕ್ಸೆಲ್‌ಗೆ 4 ಬೈಟ್, ಅಂದರೆ ಒಂದು ಬಿಟ್‌ಮ್ಯಾಪ್‌ಗೆ (ಬಿಚ್ಚಿದ ಚಿತ್ರಕ್ಕೆ) 4,80,00,000 ಬೈಟ್, ಹತ್ತಿರಹತ್ತಿರ 48 ಎಂಬಿ. ಜೆಪೆಗ್ ಕಡತ ಡಿಸ್ಕ್‌ನಲ್ಲಿ 3 ಎಂಬಿ ಇದ್ದರೂ ಬಿಚ್ಚಿದ ಮೇಲೆ ಇಷ್ಟೇ. ಆಂಡ್ರಾಯ್ಡ್ 3.0ರಿಂದ 7.1ರವರೆಗೆ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲೇ (ಆ್ಯಪ್‌ನ ವಸ್ತುಗಳು ಇರುವ ಮೆಮೊರಿ) ಇರುತ್ತಿದ್ದವು. ಪ್ರತಿ ಆ್ಯಪ್‌ಗೆ ಆ ಹೀಪ್‌ನ ಮಿತಿ ಗೊತ್ತಾಗಿರುತ್ತದೆ, ನಾಲ್ಕೈದು ಬಿಟ್‌ಮ್ಯಾಪ್ ಸೋರಿದರೆ ಔಟ್‌ಆಫ್‌ಮೆಮೊರಿ ತಪ್ಪು ಬರುತ್ತದೆ. 8.0ರಿಂದ ಪಿಕ್ಸೆಲ್‌ಗಳು ನೇಟಿವ್ ಹೀಪ್‌ಗೆ ಹೋದವು. ಅಲ್ಲಿ ಜಾವಾ ಮಿತಿ ಅಡ್ಡ ಬರುವುದಿಲ್ಲ. ಪ್ರೊಸೆಸ್ ಊದುತ್ತಲೇ ಹೋಗುತ್ತದೆ. ಹಾಗೆ ಊದಿದ ಪ್ರೊಸೆಸ್ ಹಿನ್ನೆಲೆಗೆ ಸರಿದು, ಕ್ಯಾಮೆರಾ ಮೆಮೊರಿ ಕೇಳಿದಾಗ, ಎಲ್‌ಎಂಕೆಡಿ (ಮೆಮೊರಿ ಕಡಿಮೆಯಾದಾಗ ಪ್ರೊಸೆಸ್ ಕೊಲ್ಲುವ ಆಂಡ್ರಾಯ್ಡ್‌ನ ಭಾಗ) ಸದ್ದಿಲ್ಲದೆ ಅದನ್ನು ತೆಗೆಯುತ್ತದೆ. ಲೊಕೇಶನ್ ಸರ್ವಿಸ್ ಓಡುತ್ತಿದ್ದಾಗ ಆದ್ಯತೆ ಹೆಚ್ಚಿದ್ದರಿಂದ ಪ್ರೊಸೆಸ್ ಹೆಚ್ಚು ಬಾರಿ ಉಳಿಯುತ್ತಿತ್ತು; ಲೊಕೇಶನ್ ಅನುಮತಿ ಕೊಡದ ಬಳಕೆದಾರರೇ ಖಾಲಿ ಫಾರ್ಮ್‌ಗೆ ಹೆಚ್ಚು ಸಿಕ್ಕಿಬಿದ್ದದ್ದು ಇದಕ್ಕೇ. ಅಭಿವೃದ್ಧಿ ತಂಡದ ಫೋನುಗಳಲ್ಲಿ ಅನುಮತಿ ಯಾವಾಗಲೂ ಇರುತ್ತಿತ್ತು, ಹಾಗಾಗಿ ಅವರಿಗೆ ಅದು ಕಾಣಲೇ ಇಲ್ಲ.

ಮೂರು ಸೋರಿಕೆಗಳು

ಗುಂಡಿಯನ್ನು ಡಿಬಗ್ ಬಿಲ್ಡ್‌ನಲ್ಲಿ (ಪರೀಕ್ಷೆಗೆಂದು ಕಟ್ಟಿದ ಆವೃತ್ತಿ) ಮೊದಲು ನಿಷ್ಕ್ರಿಯಗೊಳಿಸಬೇಕು, ಇಲ್ಲದಿದ್ದರೆ ಸಾಕ್ಷ್ಯ ಪ್ರತಿ ಸಲವೂ ಪ್ರೊಸೆಸ್ ಜೊತೆ ಅಳಿಸಿಹೋಗುತ್ತದೆ. ಆಮೇಲೆ ಅಳೆಯಬಹುದಾದ ಒಂದೇ ಪ್ರಯೋಗ: ಫೋಟೊ ತೆರೆದಿಟ್ಟು ಫೋನನ್ನು 10 ಸಲ ಅಡ್ಡ-ನೇರ ತಿರುಗಿಸುವುದು, ಪ್ರೊಫೈಲರ್‌ನ ಕಸದ ಬುಟ್ಟಿ ಚಿಹ್ನೆ ಒತ್ತಿ ಗಾರ್ಬೇಜ್ ಕಲೆಕ್ಷನ್ (ಯಾರೂ ಹಿಡಿಯದ ವಸ್ತುಗಳನ್ನು ತೆರವು ಮಾಡುವುದು) ಮಾಡಿಸುವುದು, ನಂತರ ಎಡಿಬಿ ಶೆಲ್‌ನಲ್ಲಿ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಕಿಟಕಿ) ಡಂಪ್‌ಸಿಸ್ ಮೆಮ್‌ಇನ್ಫೋ ಮುಂದೆ ಪ್ಯಾಕೇಜ್ ಹೆಸರು ಕೊಟ್ಟು ನೋಡುವುದು. ಮೇಲಿನ ಮೆಗಾಬೈಟ್‌ಗಳಿಗಿಂತ ಕೆಳಗಿನ ಆಬ್ಜೆಕ್ಟ್ಸ್ ವಿಭಾಗ ಮುಖ್ಯ. ಅಲ್ಲಿ ಆಕ್ಟಿವಿಟೀಸ್ ಎದುರು 1 ಇರಬೇಕು. ಇದ್ದದ್ದು 11. ಹತ್ತು ಸತ್ತ ಆಕ್ಟಿವಿಟಿಗಳು, ಒಂದೊಂದರ ಹೆಗಲ ಮೇಲೂ 48 ಎಂಬಿ: 480 ಎಂಬಿ. ಮೆಗಾಬೈಟ್ ಏರಿತೆಂದು ಮಾತ್ರ ಸೋರಿಕೆ ಎನ್ನಲಾಗದು. ಮೊದಲ ಎರಡು ಮೂರು ಸುತ್ತಿನಲ್ಲಿ ಕ್ಯಾಶ್ ತುಂಬುವುದರಿಂದಲೂ ಅದು ಏರುತ್ತದೆ. ಸುತ್ತಿಗೊಂದರಂತೆ ವಸ್ತುಗಳ ಎಣಿಕೆ ಏರಿದರೆ ಅನುಮಾನವಿಲ್ಲ.

ಯಾರು ಹಿಡಿದಿದ್ದಾರೆ ಎಂದು ತಿಳಿಯಲು ಲೀಕ್‌ಕ್ಯಾನರಿ ಎಂಬ ಸೋರಿಕೆ ಹುಡುಕುವ ಲೈಬ್ರರಿ. ಡಿಬಗ್ ಬಿಲ್ಡ್‌ಗೆ ಮಾತ್ರ ಸೇರಿಸುವ ಒಂದು ಸಾಲಿನ ಅವಲಂಬನೆ. ನಾಶವಾದ ಆಕ್ಟಿವಿಟಿ, ಫ್ರ್ಯಾಗ್ಮೆಂಟ್, ಫ್ರ್ಯಾಗ್ಮೆಂಟ್‌ನ ವ್ಯೂ (ಪರದೆಯಲ್ಲಿ ಕಾಣುವ ಅಂಶ), ವ್ಯೂಮಾಡೆಲ್ (ಪರದೆಯ ದತ್ತಾಂಶ ಹೊತ್ತ ವಸ್ತು), ಸರ್ವಿಸ್ ಇವುಗಳ ಮೇಲೆ ಕಣ್ಣಿಟ್ಟು, 5 ಸೆಕೆಂಡಾದರೂ ಹೋಗದಿದ್ದರೆ ಉಳಿದುಕೊಂಡಿದೆ ಎಂದು ಗುರುತಿಸುತ್ತದೆ. ಆ್ಯಪ್ ಕಣ್ಣೆದುರಿದ್ದಾಗ ಅಂಥವು 5 ಆದಮೇಲೆ, ಹಿನ್ನೆಲೆಗೆ ಹೋದಾಗ ಒಂದೇ ಇದ್ದರೂ ಹೀಪ್ ಡಂಪ್ (ಹೀಪ್‌ನ ಪ್ರತಿ) ತೆಗೆಯುತ್ತದೆ. ವರದಿಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು: ಮೇಲೆ ಬೇರು, ಕೆಳಗೆ ಸೋರಿದ ವಸ್ತು, ನಡುವೆ ಅಡಿಗೆರೆ ಎಳೆದ ಕೊಂಡಿಗಳೇ ಅನುಮಾನದವು.

ಮೊದಲ ಸೋರಿಕೆ ಲೊಕೇಶನ್ ಕೇಳುಗರ ಪಟ್ಟಿ. ಇಡೀ ಆ್ಯಪ್‌ಗೆ ಒಂದೇ ಇರುವ ಸಿಂಗಲ್‌ಟನ್, ಅದರೊಳಗೊಂದು ಪಟ್ಟಿ, ಪಟ್ಟಿಯಲ್ಲಿ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್), ಲ್ಯಾಂಬ್ಡಾದೊಳಗೆ ಆಕ್ಟಿವಿಟಿ, ಆಕ್ಟಿವಿಟಿಯೊಳಗೆ ವ್ಯೂಗಳ ಇಡೀ ಮರ, ಅದರ ಕೊಂಬೆಯಲ್ಲಿ ಫೋಟೊ. ಕೋಡ್ ಓದಿದವರೆಲ್ಲ ಇದನ್ನು ದಾಟಿಹೋಗಿದ್ದರು, ಏಕೆಂದರೆ ತೆಗೆದುಹಾಕುವ ಕರೆ ಅಲ್ಲಿ ಇತ್ತು. ಆದರೆ ಸೇರಿಸುವಾಗ ಕೊಟ್ಟದ್ದು ಒಂದು ಲ್ಯಾಂಬ್ಡಾ, ತೆಗೆಯುವಾಗ ಬರೆದದ್ದು ಅಕ್ಷರಕ್ಕಕ್ಷರ ಅದೇ ರೂಪದ ಇನ್ನೊಂದು ಲ್ಯಾಂಬ್ಡಾ. ಎರಡೂ ಬೇರೆ ಬೇರೆ ವಸ್ತುಗಳು. ಪಟ್ಟಿ ಹುಡುಕಿ, ಸಿಗದೆ, ಸುಮ್ಮನಾಗುತ್ತದೆ, ತಪ್ಪೂ ಬರುವುದಿಲ್ಲ. ಪರಿಹಾರ: ಕೇಳುಗನನ್ನು ಒಂದು ವಾಲ್‌ನಲ್ಲಿ (ಬದಲಾಗದ ವೇರಿಯಬಲ್) ಹಿಡಿದಿಟ್ಟು, ಆನ್‌ಸ್ಟಾರ್ಟ್‌ನಲ್ಲಿ ಸೇರಿಸಿ ಆನ್‌ಸ್ಟಾಪ್‌ನಲ್ಲಿ ಅದನ್ನೇ ತೆಗೆಯುವುದು. ತೆಗೆದದ್ದು ಸುಳ್ಳೋ ನಿಜವೋ ಎಂದು ರಿಮೂವ್ ಹಿಂದಿರುಗಿಸುವ ಬೂಲಿಯನ್ನನ್ನು ಡಿಬಗ್ ಬಿಲ್ಡ್‌ನಲ್ಲಿ ಪರೀಕ್ಷಿಸಿದರೆ ಈ ಜಾತಿಯ ತಪ್ಪು ಮೊದಲ ಓಟದಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು ಫ್ರ್ಯಾಗ್ಮೆಂಟ್ ಬೈಂಡಿಂಗ್, ಅಂದರೆ ಫ್ರ್ಯಾಗ್ಮೆಂಟ್ ತನ್ನ ವ್ಯೂಗಳನ್ನು ಹಿಡಿದಿರುವ ಕೊಂಡಿ. ಫಾರ್ಮ್‌ನಿಂದ ಫೋಟೊಗೆ ಹೋದಾಗ ಫಾರ್ಮ್ ಫ್ರ್ಯಾಗ್ಮೆಂಟ್ ಬ್ಯಾಕ್‌ಸ್ಟ್ಯಾಕ್‌ನಲ್ಲಿ (ಹಿಂದೆ ಬಿಟ್ಟ ಪರದೆಗಳ ಸಾಲು) ಬದುಕಿರುತ್ತದೆ, ಅದರ ವ್ಯೂ ಮಾತ್ರ ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ಸಾಯುತ್ತದೆ. ಬೈಂಡಿಂಗನ್ನು ಅಲ್ಲಿ ನಲ್ ಮಾಡದಿದ್ದರೆ 40 ಅಂಕಣಗಳ ಸತ್ತ ವ್ಯೂಗಳು ಫ್ರ್ಯಾಗ್ಮೆಂಟ್ ಜೊತೆ ತೂಗಾಡುತ್ತಿರುತ್ತವೆ. ಇದರ ಜೊತೆಹುಟ್ಟು ಇನ್ನೊಂದಿತ್ತು: ಲೈವ್‌ಡೇಟಾ (ಬದಲಾದಾಗ ತಿಳಿಸುವ ದತ್ತಾಂಶ) ಗಮನಿಸಲು ವ್ಯೂನ ಆಯುಸ್ಸಿಗೆ ಕಟ್ಟುವ ವ್ಯೂಲೈಫ್‌ಸೈಕಲ್‌ಓನರ್ ಬದಲು ಫ್ರ್ಯಾಗ್ಮೆಂಟನ್ನೇ ಕೊಟ್ಟಿದ್ದರಿಂದ ಪ್ರತಿ ಮರಳುವಿಕೆಗೂ ಒಬ್ಬ ಹೊಸ ಗಮನಿಸುವವ ಸೇರಿಕೊಳ್ಳುತ್ತಿದ್ದ.

ಮೂರನೆಯದು ಆ 30 ಸೆಕೆಂಡಿನ ಟೈಮರ್. ಮುಖ್ಯ ಥ್ರೆಡ್‌ಗೆ ಕೆಲಸ ಕಳಿಸುವ ಹ್ಯಾಂಡ್ಲರ್ ಮೇಲೆ ಪೋಸ್ಟ್‌ಡಿಲೇಡ್ (ತಡೆದು ಓಡಿಸು), ಓಡಿದ ರನ್ನಬಲ್ (ಆ ಕೆಲಸ) ಮತ್ತೆ ತನ್ನನ್ನೇ ಪೋಸ್ಟ್ ಮಾಡಿಕೊಳ್ಳುತ್ತದೆ, ನಿಲ್ಲಿಸುವವರಿಲ್ಲ. ಸಂದೇಶ ಸರದಿ ರನ್ನಬಲ್ಲನ್ನೂ, ರನ್ನಬಲ್ ಫ್ರ್ಯಾಗ್ಮೆಂಟನ್ನೂ ಹಿಡಿದಿರುತ್ತದೆ. ಮೆಮೊರಿ ಲೆಕ್ಕದಲ್ಲಿ ಇದು ಮೊದಲನೆಯದಕ್ಕಿಂತ ಚಿಕ್ಕದು, ಹಾನಿಯಲ್ಲಿ ಮೂರರಲ್ಲಿ ದೊಡ್ಡದು. ಫೋನು ತಿರುಗಿಸಿದಾಗ ಹಳೆಯ ಫ್ರ್ಯಾಗ್ಮೆಂಟ್ ಪರದೆಯಿಂದ ಹೋಗುತ್ತದೆ, ಅದರ ಟೈಮರ್ ಹೋಗುವುದಿಲ್ಲ. ಸತ್ತ ವ್ಯೂಗಳಲ್ಲಿರುವ ಹಳೆಯ ಅಕ್ಷರಗಳನ್ನು ಓದಿ ಅದೇ ಕರಡು ಸಾಲಿನ ಮೇಲೆ ಬರೆಯುತ್ತಲೇ ಇರುತ್ತದೆ. ಹೊಸ ಫ್ರ್ಯಾಗ್ಮೆಂಟ್‌ನ ಟೈಮರ್ ಹೊಸ ಮೌಲ್ಯ ಬರೆಯುತ್ತದೆ, ಹಳೆಯದು ಬಂದು ಅದನ್ನು ಅಳಿಸುತ್ತದೆ, ಮತ್ತೆ ಹೊಸದು. ‘ನಿರ್ಗಮಿಸಿ’ ಒತ್ತಿದ ಗಳಿಗೆಯಲ್ಲಿ ಕೊನೆಗೆ ಬರೆದವರು ಯಾರೋ ಅವರ ಮೌಲ್ಯ ಉಳಿಯುತ್ತದೆ. ತಿದ್ದಿದ್ದು ಹಿಂದಕ್ಕೆ ಹೋಗುತ್ತಿದ್ದ ದೂರಿನ ಮೂಲ ಇದು. ಮೆಮೊರಿ ಸೋರಿಕೆಯನ್ನು ಬರೀ ಜಾಗದ ಸಮಸ್ಯೆ ಎಂದು ಆದ್ಯತೆ ಪಟ್ಟಿಯ ತಳಕ್ಕೆ ತಳ್ಳುವ ತಂಡಗಳು ಈ ಸಾಧ್ಯತೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ: ಸೋರಿದ ವಸ್ತುವಿಗೆ ಕೈಕಾಲು ಇರಬಹುದು.

ಎರಡನೆಯ ಮತ್ತು ಮೂರನೆಯ ಸೋರಿಕೆಯ ನಡುವೆ ಒಂದು ಬಲೆ ಇದೆ. ಬೈಂಡಿಂಗನ್ನು ನಲ್ ಮಾಡಿ ಟೈಮರನ್ನು ಹಾಗೇ ಬಿಟ್ಟರೆ, ಮುಂದಿನ 30 ಸೆಕೆಂಡಿನೊಳಗೆ ಟೈಮರ್ ನಲ್ ಬೈಂಡಿಂಗ್ ಮುಟ್ಟಿ ಆ್ಯಪ್ ಬೀಳುತ್ತದೆ. ಆಗ ಕೈ ತಾನಾಗಿ ನಲ್ ಇದ್ದರೆ ಸುಮ್ಮನೆ ಬಿಟ್ಟುಬಿಡುವ, ಪ್ರಶ್ನಾರ್ಥಕ ಚಿಹ್ನೆಯ ಸುರಕ್ಷಿತ ಕರೆಯತ್ತ ಹೋಗುತ್ತದೆ. ಹಾಕಿದರೆ ಕ್ರ್ಯಾಶ್ ನಿಲ್ಲುತ್ತದೆ, ಟೈಮರ್‌ಗಳು ಮಾತ್ರ ಸುಮ್ಮನೆ ಸುತ್ತುತ್ತಾ ಸಂಖ್ಯೆಯಲ್ಲಿ ಬೆಳೆಯುತ್ತವೆ. ವೀಕ್‌ರೆಫರೆನ್ಸ್ (ವಸ್ತುವನ್ನು ಬಿಗಿಯಾಗಿ ಹಿಡಿಯದ ಕೊಂಡಿ) ಕಥೆಯೂ ಅಷ್ಟೆ. ಈ ಪ್ರಕರಣದಲ್ಲಿ ಎರಡನ್ನೂ ಬಳಸಲಿಲ್ಲ, ಟೈಮರನ್ನೇ ಕಿತ್ತುಹಾಕಿದರು.

ದುರಸ್ತಿಯ ಸರದಿ

ಯಾವುದನ್ನು ಮೊದಲು ಮುಟ್ಟಬೇಕು ಎಂಬುದರಲ್ಲಿ ಅರ್ಧ ಕೆಲಸವಿದೆ. ಗುಂಡಿಯನ್ನು ಮೊದಲು ತೆಗೆದರೆ ಸೋರಿಕೆ ಬಳಕೆದಾರರ ಮೇಲೆ ನೇರವಾಗಿ ಬೀಳುತ್ತದೆ. ಫೋಟೊವನ್ನು ಮೊದಲು ಚಿಕ್ಕದು ಮಾಡಿದರೆ ಇನ್ನೂ ಕೆಟ್ಟದು: ಇನ್‌ಸ್ಯಾಂಪಲ್‌ಸೈಜ್ 4 ಕೊಟ್ಟರೆ ಬಿಟ್‌ಮ್ಯಾಪ್ 1000×750ಕ್ಕೆ, ಅಂದರೆ 3 ಎಂಬಿಗೆ ಇಳಿಯುತ್ತದೆ, ಸೋರಿಕೆ 16 ಪಟ್ಟು ನಿಧಾನವಾಗಿ ಕಣ್ಮರೆಯಾಗುತ್ತದೆ, ಮೂಲ ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲು ದತ್ತಾಂಶ, ಆಮೇಲೆ ಸೋರಿಕೆಗಳು, ಆಮೇಲೆ ಸರ್ವಿಸ್, ಅನಂತರ ಫೋಟೊ ಗಾತ್ರ, ಕೊನೆಗೆ ಗುಂಡಿ.

ದತ್ತಾಂಶಕ್ಕೆ ನಿಯಮ ಒಂದೇ: ಆ್ಯಪ್ ಮುಚ್ಚುವ ಕ್ಷಣ ಎಂಬುದು ಕೋಡ್‌ಗೆ ಸಿಗುವುದಿಲ್ಲ. ಪ್ರೊಸೆಸ್ ಕೊಲ್ಲುವಾಗ ಸಿಸ್ಟಮ್ ಆನ್‌ಡಿಸ್ಟ್ರಾಯ್ ಕರೆಯಲೇಬೇಕೆಂದಿಲ್ಲ. ಆಂಡ್ರಾಯ್ಡ್ 12ರಿಂದ ಲಾಂಚರ್‌ನಿಂದ ತೆರೆದ ಬೇರಿನ ಆಕ್ಟಿವಿಟಿಯಲ್ಲಿ ಬ್ಯಾಕ್ ಒತ್ತಿದರೂ ಅದು ಮುಗಿಯುವುದಿಲ್ಲ, ಹಿನ್ನೆಲೆಗೆ ಸರಿಯುತ್ತದೆ ಅಷ್ಟೆ. ಇಡೀ ಆ್ಯಪ್‌ನ ಸ್ಥಿತಿ ತಿಳಿಸುವ ಪ್ರೊಸೆಸ್‌ಲೈಫ್‌ಸೈಕಲ್‌ಓನರ್ ಅಂತೂ ಆನ್ ಡಿಸ್ಟ್ರಾಯ್ ಘಟನೆಯನ್ನು ಎಂದೂ ಕಳಿಸುವುದಿಲ್ಲ. ಆದ್ದರಿಂದ ಅಂಕಣ ಬದಲಾದ 500 ಮಿಲಿಸೆಕೆಂಡಿಗೆ ಅದು ರೂಮ್‌ನಲ್ಲಿರಬೇಕು, ಬಾಕಿ ಉಳಿದದ್ದು ಆನ್‌ಸ್ಟಾಪ್‌ನಲ್ಲಿ ತಕ್ಷಣ ಬರೆಯಲ್ಪಡಬೇಕು. ಇಲ್ಲಿ ಸೂಕ್ಷ್ಮವೊಂದಿದೆ. ಆ 500 ಮಿಲಿಸೆಕೆಂಡಿನ ಕಾಯುವಿಕೆಯ ಜೊತೆಗೆ ಬರೆಯುವುದನ್ನೂ ವ್ಯೂಮಾಡೆಲ್‌ಸ್ಕೋಪ್‌ನಲ್ಲಿ (ವ್ಯೂಮಾಡೆಲ್ ಇರುವವರೆಗೆ ಮಾತ್ರ ಬದುಕುವ ಕೆಲಸಗಳ ಗುಂಪು) ಇಟ್ಟರೆ, ಬರೆದ ಕೂಡಲೇ ಫಾರ್ಮ್‌ನಿಂದ ಹಿಂದಕ್ಕೆ ಹೋದವರ ಕೊನೆಯ ಅಂಕಣ ಹೋಗುತ್ತದೆ, ಏಕೆಂದರೆ ವ್ಯೂಮಾಡೆಲ್ ತೆರವಾದಾಗ ಸ್ಕೋಪ್ ರದ್ದಾಗುತ್ತದೆ. ಕಾಯುವುದು ವ್ಯೂಮಾಡೆಲ್‌ನಲ್ಲಿರಲಿ, ಬರೆಯುವುದು, ಆನ್‌ಸ್ಟಾಪ್‌ನಲ್ಲಿ ಬಾಕಿಯನ್ನು ಬರೆಯುವುದೂ ಸೇರಿ, ಅಪ್ಲಿಕೇಶನ್ ಮಟ್ಟದ ಸ್ಕೋಪ್‌ನಲ್ಲಿರಬೇಕು.

ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ (ಪ್ರೊಸೆಸ್ ಸತ್ತರೂ ಸಿಸ್ಟಮ್ ಉಳಿಸಿಕೊಡುವ ಚಿಕ್ಕ ಚೀಲ) ಕರಡಿನ ಸಂಖ್ಯೆ ಮತ್ತು ಫೋಟೊದ ಕಡತ ದಾರಿ ಮಾತ್ರ. ಕಡತ ದಾರಿಯನ್ನು ಕ್ಯಾಮೆರಾ ತೆರೆಯುವ ಮೊದಲೇ ಅಲ್ಲಿಡಬೇಕು. ಮರಳಿದಾಗ ಪ್ರೊಸೆಸ್ ಹೊಸದಾಗಿದ್ದರೂ ಫೋಟೊ ಎಲ್ಲಿದೆ ಎಂದು ಗೊತ್ತಿರುತ್ತದೆ. ಚಿಕ್ಕಚಿತ್ರವನ್ನೇ ಅಲ್ಲಿ ತುರುಕುವವರಿದ್ದಾರೆ. ಅದು ಸಿಸ್ಟಮ್‌ಗೆ ಹೋಗುವ ದಾರಿಯಾದ ಬೈಂಡರ್‌ನ ಬಫರ್ ಇಡೀ ಪ್ರೊಸೆಸ್‌ಗೆ 1 ಎಂಬಿ, ಅದನ್ನು ನಡೆಯುತ್ತಿರುವ ಎಲ್ಲ ವ್ಯವಹಾರಗಳೂ ಹಂಚಿಕೊಳ್ಳುತ್ತವೆ. ಮೀರಿದರೆ ಟ್ರಾನ್ಸಾಕ್ಷನ್‌ಟೂಲಾರ್ಜ್ ತಪ್ಪು. ಅಪ್‌ಲೋಡ್ ಕೆಲಸ ಹಿನ್ನೆಲೆ ಕೆಲಸಗಳನ್ನು ಸರದಿಯಲ್ಲಿ ನಡೆಸುವ ವರ್ಕ್‌ಮ್ಯಾನೇಜರ್‌ಗೆ, ಪರಿಶೀಲನೆಯ ಸಂಖ್ಯೆಯನ್ನೇ ವಿಶಿಷ್ಟ ಹೆಸರಾಗಿಟ್ಟು. ಎರಡು ಸಲ ಒತ್ತಿದರೂ ಒಂದೇ ಸಲ ಸರದಿಗೆ ಸೇರುತ್ತದೆ.

ಸರ್ವಿಸ್ ಸ್ಟಾರ್ಟ್ ನಾಟ್ ಸ್ಟಿಕಿಗೆ ಬದಲಾಯಿತು. ಅದರ ಅಂತ್ಯ ಪರದೆಗೆ ಅಂಟಿಕೊಳ್ಳದೆ ಕೆಲಸಕ್ಕೆ ಅಂಟಿಕೊಂಡಿತು: ‘ಪರಿಶೀಲನೆ ಮುಗಿಸಿ’ ಎಂದಾಗ ಮಾತ್ರ ಸ್ಟಾಪ್‌ಸೆಲ್ಫ್. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬಳಕೆದಾರರು ಸರಿಸಿ ತೆಗೆದರೆ ಆನ್‌ಟಾಸ್ಕ್‌ರಿಮೂವ್ಡ್ ಬರುತ್ತದೆ. ಅಲ್ಲಿ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ಉತ್ಪನ್ನದ ನಿರ್ಧಾರ. ಇಲ್ಲಿ ಅಧಿಸೂಚನೆ ಉಳಿಸಿ ಮುಂದುವರಿಸಿದರು. ಕಡಿಮೆ ಮೆಮೊರಿಯ ಎಚ್ಚರಿಕೆ ಬಂದಾಗ ಕ್ಯಾಶ್ ಖಾಲಿ ಮಾಡುವ ಕೋಡ್ ಟ್ರಿಮ್ ಮೆಮೊರಿ ರನ್ನಿಂಗ್ ಕ್ರಿಟಿಕಲ್ ಮಟ್ಟಕ್ಕೆ ಕಾಯುತ್ತಿತ್ತು. ಆಂಡ್ರಾಯ್ಡ್ 14ರಿಂದ ಆ ಮಟ್ಟ ಬರುವುದೇ ಇಲ್ಲ. ಯುಐ ಹಿಡನ್, ಬ್ಯಾಕ್‌ಗ್ರೌಂಡ್ ಎರಡು ಮಾತ್ರ ಉಳಿದಿವೆ. ಕೋಡನ್ನು ಯುಐ ಹಿಡನ್‌ಗೆ ಸರಿಸಿದರು.

ಕೊನೆಗೆ ಗುಂಡಿ. ಅದರ ಜಾಗಕ್ಕೆ ಎರಡು ಬಂದವು: ‘ಪರಿಶೀಲನೆ ಮುಗಿಸಿ’ ಮತ್ತು ‘ಲಾಗ್ ಔಟ್’. ನಿರ್ಗಮಿಸುವ ಗುಂಡಿ ಬೇಕೇ ಬೇಕು ಎನ್ನುವ ಗ್ರಾಹಕರಿಗೆ ಫಿನಿಶ್‌ಆಂಡ್‌ರಿಮೂವ್‌ಟಾಸ್ಕ್ ಒಂದೇ ಸಾಲು ಸಾಕು, ಅದರ ಹಿಂದೆ ಎಕ್ಸಿಟ್ ಬೇಡ.

ಐಫೋನ್ ಆವೃತ್ತಿಯಲ್ಲಿ ಗುಂಡಿ ಇರಲಿಲ್ಲ. ತಾನಾಗಿ ಮುಚ್ಚಿಕೊಳ್ಳುವ ಆ್ಯಪ್ ಬಳಕೆದಾರರಿಗೆ ಕ್ರ್ಯಾಶ್‌ನಂತೆ ಕಾಣುತ್ತದೆಂದು ಆಪಲ್ ಅದನ್ನು ಒಪ್ಪುವುದಿಲ್ಲ. ಆದರೆ ತಪ್ಪಿನ ಜಾಡು ಅದೇ. ಉಳಿಸುವ ಕೋಡ್ ಅಪ್ಲಿಕೇಶನ್‌ವಿಲ್‌ಟರ್ಮಿನೇಟ್‌ನಲ್ಲಿತ್ತು, ಅಮಾನತಿನಲ್ಲಿರುವ ಆ್ಯಪನ್ನು ಕೊಂದಾಗ ಅದು ಬರುವುದಿಲ್ಲ, ಸೀನ್‌ಡಿಡ್‌ಎಂಟರ್‌ಬ್ಯಾಕ್‌ಗ್ರೌಂಡ್‌ಗೆ ಸರಿಸಬೇಕಾಯಿತು. ಅಲ್ಲಿ ಗಾರ್ಬೇಜ್ ಕಲೆಕ್ಟರ್ ಇಲ್ಲ, ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದೆ ಎಂಬ ಎಣಿಕೆಯ ಲೆಕ್ಕ. ಮರುಕಳಿಸುವ ಟೈಮರ್ ತನ್ನ ಟಾರ್ಗೆಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಡಿಇನಿಟ್‌ನಲ್ಲಿ (ವಸ್ತು ಅಳಿಯುವಾಗ ಓಡುವ ಕೋಡ್) ಟೈಮರ್ ನಿಲ್ಲಿಸುವ ಇನ್‌ವ್ಯಾಲಿಡೇಟ್ ಬರೆದರೆ ಅದು ಎಂದೂ ಓಡುವುದಿಲ್ಲ: ಟೈಮರ್ ನಿಲ್ಲದೆ ಡಿಇನಿಟ್ ಇಲ್ಲ, ಡಿಇನಿಟ್ ಬರದೆ ಟೈಮರ್ ನಿಲ್ಲುವುದಿಲ್ಲ. ವ್ಯೂಡಿಡ್‌ಡಿಸಪಿಯರ್‌ನಲ್ಲಿ ನಿಲ್ಲಿಸಿದರು.

ಪರೀಕ್ಷೆಯಲ್ಲಿ ಎಡವುವ ಜಾಗಗಳು

ಪ್ರೊಸೆಸ್ ಸಾವನ್ನು ಪರೀಕ್ಷಿಸಲು ಹೆಚ್ಚಿನವರು ಡೆವಲಪರ್ ಆಯ್ಕೆಗಳಲ್ಲಿ ಆಕ್ಟಿವಿಟಿ ಇಟ್ಟುಕೊಳ್ಳಬೇಡ ಎಂಬ ಸ್ವಿಚ್ ಒತ್ತುತ್ತಾರೆ. ಅದು ಆಕ್ಟಿವಿಟಿಯನ್ನು ಮಾತ್ರ ಕೊಲ್ಲುತ್ತದೆ; ಸಿಂಗಲ್‌ಟನ್‌ಗಳು ಬದುಕಿರುತ್ತವೆ, ಪರೀಕ್ಷೆ ಸುಳ್ಳೇ ಪಾಸಾಗುತ್ತದೆ. ಫೋರ್ಸ್ ಸ್ಟಾಪ್ ಇನ್ನೊಂದು ತುದಿ, ಬಾಕಿ ಅಲಾರಂಗಳೂ ರದ್ದಾಗಿಬಿಡುತ್ತವೆ. ಸರಿಯಾದದ್ದು: ಅರ್ಧ ಫಾರ್ಮ್ ತುಂಬಿ, ಹೋಮ್ ಒತ್ತಿ, ಎಡಿಬಿ ಶೆಲ್‌ನಲ್ಲಿ ಎಎಂ ಕಿಲ್ ಮುಂದೆ ಪ್ಯಾಕೇಜ್ ಹೆಸರು, ಆಮೇಲೆ ಇತ್ತೀಚಿನ ಪಟ್ಟಿಯಿಂದಲೇ ತೆರೆಯುವುದು. ಹೋಮ್ ಒತ್ತದಿದ್ದರೆ ಅಥವಾ ಲೊಕೇಶನ್ ಸರ್ವಿಸ್ ಓಡುತ್ತಿದ್ದರೆ ಎಎಂ ಕಿಲ್ ಏನೂ ಮಾಡದೆ ಸುಮ್ಮನೆ ಮರಳುತ್ತದೆ, ಏಕೆಂದರೆ ಕೊಂದರೂ ತೊಂದರೆಯಿಲ್ಲದ ಪ್ರೊಸೆಸ್‌ಗಳನ್ನಷ್ಟೇ ಅದು ಕೊಲ್ಲುತ್ತದೆ. ಪ್ರೊಸೆಸ್ ಸಂಖ್ಯೆ ಬದಲಾಗಿದೆಯೇ ಎಂದು ಪಿಡ್‌ಆಫ್ ಕೊಟ್ಟು ನೋಡಿಕೊಂಡೇ ಮುಂದೆ ಹೋಗಬೇಕು.

ತಿರುಗಿಸುವ ಪ್ರಯೋಗವನ್ನು ದುರಸ್ತಿಯ ಪ್ರತಿ ಹಂತದ ನಂತರವೂ ಮಾಡಿದಾಗ, ಲೊಕೇಶನ್ ಕೇಳುಗನನ್ನು ಸರಿಪಡಿಸಿದ ಮೇಲೂ ಎಣಿಕೆ 1ಕ್ಕೆ ಇಳಿಯಲಿಲ್ಲ. ಟೈಮರ್ ಹಿಡಿದ ಫ್ರ್ಯಾಗ್ಮೆಂಟ್‌ನ ವ್ಯೂಗಳ ಮೂಲಕ ಆಕ್ಟಿವಿಟಿ ಇನ್ನೂ ತಲುಪುವಂತಿತ್ತು. ಲೀಕ್‌ಕ್ಯಾನರಿ ಒಂದು ವಸ್ತುವಿಗೆ ಬೇರಿನಿಂದ ಅತಿ ಚಿಕ್ಕ ದಾರಿಯೊಂದನ್ನೇ ತೋರಿಸುತ್ತದೆ, ಅದನ್ನು ಕತ್ತರಿಸಿದ ಮೇಲೆಯೇ ಮುಂದಿನದು ಕಾಣುತ್ತದೆ. ಮೂರೂ ಮುಗಿದಾಗ ಆಕ್ಟಿವಿಟೀಸ್ 1.

ವರದಿಯಲ್ಲಿ ಇನ್ನೊಂದು ನಮೂದು ಉಳಿದಿತ್ತು, ‘ಲೈಬ್ರರಿ ಲೀಕ್’ ಎಂಬ ಗುರುತಿನೊಂದಿಗೆ: ಹಳೆಯ ಆಂಡ್ರಾಯ್ಡ್‌ಗಳಲ್ಲಿ ಇನ್‌ಪುಟ್‌ಮೆಥಡ್‌ಮ್ಯಾನೇಜರ್ ಕೊನೆಗೆ ಫೋಕಸ್ ಇದ್ದ ವ್ಯೂವನ್ನು ಹಿಡಿದುಕೊಳ್ಳುವುದು. ಹಿಡಿಯುವುದು ಒಂದನ್ನು, ಮುಂದಿನ ಅಂಕಣ ಮುಟ್ಟಿದೊಡನೆ ಹಿಂದಿನದನ್ನು ಬಿಡುತ್ತದೆ, ಎಣಿಕೆ ಏರುವುದಿಲ್ಲ. ರಿಫ್ಲೆಕ್ಷನ್ ಮೂಲಕ ಸಿಸ್ಟಮ್ ವರ್ಗದ ಒಳಗಿನ ವೇರಿಯಬಲನ್ನು ನಲ್ ಮಾಡುವ ಮದ್ದುಗಳಿವೆ. ತಂಡ ಅದನ್ನು ಮುಟ್ಟದೆ, ಟಿಕೆಟ್‌ನಲ್ಲಿ ಕಾರಣ ಬರೆದು ಮುಚ್ಚಿತು.